ಪುಟ್ಟಮಾದುವಿನ ‘ದ್ರ’, ಸ್ಪೇನಿನ ‘ರಾ’

ತೆರಕಣಾಂಬಿಯಿಂದ ಚಾಮರಾಜನಗರದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಚೆಂಡುಹೂವಿನ ಫ್ಯಾಕ್ಟರಿ ಇದೆ. ರೈತರು ತಂದ ಹೂವನ್ನು ಅಲ್ಲಿ ರಾಶಿ ಹಾಕಿ, ತುಳಿಸಿ, ಟಾರ್ಪಾಲು ಮುಚ್ಚಿ ಹುಳಿ ಬರಿಸಿ, ಹಿಂಡಿ ಒಣಗಿಸಿ ಅದರ ಬಣ್ಣ ತೆಗೆಯುತ್ತಾರೆ. ಬಣ್ಣ ಸ್ಪೇನಿಗೆ ಹೋಗುತ್ತದೆ. ಸ್ಪೇನಿನವರು ಅದನ್ನು ಕೋಳಿಗಳಿಗೆ ತಿನ್ನಿಸುತ್ತಾರಂತೆ, ಮೊಟ್ಟೆಯ ಒಳಗಿನ ಹಳದಿ ಇನ್ನಷ್ಟು ಹಳದಿಯಾಗಲಿ ಅಂತ. ಹಂಗಳದ ಹೆಂಗಸರು ಬೆಳಗಾಗೆದ್ದು ಸೊಂಟ ಮುರಿದುಕೊಂಡು ಹೂ ಕೀಳುವುದು ಯಾವುದೋ ದೇಶದ ಕೋಳಿಯ ಮೊಟ್ಟೆ ಚೆಂದ ಕಾಣಲಿ ಎಂದು. ಮೊದಲ ಸಲ ಕೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಆಮೇಲೆ ಸುಮ್ಮನಾದೆ. ನನ್ನದು ಗೂಡ್ಸ್ ಟೆಂಪೊ. ಹೂ ಹೊರುವುದು ನನ್ನ ಕೆಲಸ, ಮೊಟ್ಟೆ ನನ್ನದಲ್ಲ.

ಆ ಫ್ಯಾಕ್ಟರಿಯ ಅಂಗಳದಲ್ಲಿ ಹದಿನಾಲ್ಕು ವರ್ಷದಿಂದ ನಿಂತೇ ಇದ್ದ ಮನುಷ್ಯ ಪುಟ್ಟಮಾದು. ಬಂದ ಗಾಡಿಗಳನ್ನು ಸಾಲಾಗಿ ನಿಲ್ಲಿಸುವುದು, ಚೀಲಕ್ಕೆ ಕೈ ಹಾಕಿ ಹೂ ನೋಡುವುದು, ತೂಕಕ್ಕೆ ಕಳಿಸುವುದು. ಕೆಲಸ ಫ್ಯಾಕ್ಟರಿಯದು, ಆಳು ಮಾತ್ರ ಗುತ್ತಿಗೆದಾರನದು. ಅಂದರೆ ನಾಳೆ ಬರಬೇಡ ಅಂದರೆ ನಾಳೆ ಬರಬಾರದು. ಹದಿನಾಲ್ಕು ವರ್ಷ ಅವನು ಬಯಸಿದ್ದು ಒಂದೇ, ಕಾಯಂ ಆಗಬೇಕು. ಆ ಒಂದು ಪದವನ್ನು ಅವನು ಹೇಳುವಾಗ ಮಾದಪ್ಪನ ಬೆಟ್ಟ ಹತ್ತುವವರ ಮುಖದಲ್ಲಿ ಕಾಣುವ ಭಕ್ತಿ ಕಾಣುತ್ತಿತ್ತು.

ಊರು ಪುಣಜನೂರು. ಕಾಡಂಚಿನವನು. ಅಪ್ಪ ಬೇಗ ಹೋದ, ಅವ್ವ ಸುಂದ್ರಮ್ಮ ಕೂಲಿ ಮಾಡಿ ಚಾಮರಾಜನಗರದ ಹಾಸ್ಟೆಲಿನಲ್ಲಿ ಇಟ್ಟು ಓದಿಸಿದಳು. ಇವನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ. ಗಣಿತದಲ್ಲಲ್ಲ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಎಲ್ಲರೂ ಪಾಸಾಗುವ ವಿಷಯದಲ್ಲಿ ಫೇಲಾಗಲು ಒಂದು ಪ್ರತಿಭೆ ಬೇಕು. ಆದರೆ ಬಾಯಿ ಮಾತು ಯಾವುದೇ ಇರಲಿ, ಕಿವಿಗೆ ಬಿದ್ದರೆ ಅಂಟಿಕೊಳ್ಳುತ್ತಿತ್ತು. ಸತ್ಯಮಂಗಲದ ಲಾರಿಯವರ ಜೊತೆ ತಮಿಳು, ಶುಂಠಿ ಬೆಳೆಯಲು ಬಂದವರ ಜೊತೆ ಮಲಯಾಳ, ಬಿಹಾರದ ಹುಡುಗರ ಜೊತೆ ಹಿಂದಿ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಇಟ್ಟವನು; ನನಗೆ ಕನ್ನಡದಲ್ಲಿ ಬೈಯಲು ಬಂದರೆ ಸಾಕು ಅನ್ನಿಸಿತ್ತು. ಇವನಿಗೆ ಸಾಲಲಿಲ್ಲ. ಸ್ಪೇನಿನ ಭಾಷೆ ಕಲಿಯುತ್ತೇನೆ ಅಂದ.

ಕಲಿಸುವವನು ಸಿಕ್ಕಿದ್ದು ಹಂಗಳದ ಬಳಿ. ವರ್ಗೀಸ್ ಅಂತ, ಗುತ್ತಿಗೆಗೆ ಭೂಮಿ ಹಿಡಿದು ಶುಂಠಿ ಹಾಕಿದ್ದ ಮಲಯಾಳಿ. ಅರವತ್ತು ದಾಟಿದ ಮನುಷ್ಯ. ಅದಕ್ಕೆ ಮುಂಚೆ ಹನ್ನೊಂದು ವರ್ಷ ಸ್ಪೇನಿನ ಹೋಟೆಲುಗಳಲ್ಲಿ ಅಡುಗೆ ಮಾಡಿದ್ದ. ನಾವೆಲ್ಲ ಅವನನ್ನು ಚೇಟ, ಅಂದರೆ ಅಣ್ಣ, ಅನ್ನುತ್ತಿದ್ದೆವು; ಅವನು ಪುಟ್ಟಮಾದುವನ್ನು ಮೋನೇ, ಅಂದರೆ ಮಗನೇ, ಅನ್ನುತ್ತಿದ್ದ. ನಾನು ಭಾನುವಾರ ಶುಂಠಿ ಲೋಡಿಗೆ ಹೋಗುವಾಗ ಪುಟ್ಟಮಾದು ಟೆಂಪೊ ಹತ್ತಿ ಕೂರುತ್ತಿದ್ದ, ಕೈಯಲ್ಲಿ ಒಂದು ನೋಟ್‌ಬುಕ್ಕು. ನಲವತ್ತಮೂರು ವರ್ಷದ ಗಂಡಸು ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕೂತರೆ ಗಾಡಿ ಓಡಿಸುವವನಿಗೇ ನಾಚಿಕೆ.

ಮೊದಲ ದಿನದ ಪಾಠ ನನಗೆ ಇವತ್ತಿಗೂ ನೆನಪಿದೆ.

“ಹ ಬರೀಬೇಕು, ಹೇಳಬಾರದು,” ಅಂದ ವರ್ಗೀಸ್.

“ಬರದ್ಬುಟ್ಟು ಯಾಕ ಚೇಟಾ ಯೋಳದ ಇರದು?”

“ಅದು ಅಲ್ಲಿಯವರ ಪದ್ಧತಿ.”

ನಾನು ಶುಂಠಿ ಚೀಲದ ಮೇಲೆ ಕೂತಿದ್ದವನು ಬಾಯಿ ಹಾಕಿದೆ. “ನಮ್ಮೂರ ಪದ್ದತೀನೂ ಅದೇ ಅಲ್ವಾ. ಬೋರ್ಡಲ್ಲಿ ಹಂಗಳ ಅಂತ ಬರದವ್ರ. ಯಾವ ನನ್ಮಗ ಅಂಗಂತನ? ಎಲ್ಲಾ ಅಂಗ್ಳ ಅಂತಲೇ ಅನ್ನದು.”

ಎರಡನೇ ಪಾಠದಲ್ಲಿ ಒಂದು ಆತಂಕ ಎದುರಾಯಿತು. ನನ್ನ ಹೆಸರು ಇಂಥದ್ದು ಅನ್ನುವುದನ್ನು ಕಲಿಸುತ್ತಿದ್ದ ವರ್ಗೀಸ್ ಅರ್ಧಕ್ಕೇ ನಿಲ್ಲಿಸಿ, ಮೀಸೆ ಸವರಿಕೊಂಡು, “ಮೋನೇ, ಅಲ್ಲಿಯವರ ಮುಂದೆ ನಿನ್ನ ಹೆಸರು ಪೂರ್ತಿ ಹೇಳಬೇಡ, ಬರೀ ಮಾದು ಅನ್ನು,” ಅಂದ.

“ಯಾಕ?”

“ಪೂರ್ತಿ ಹೇಳಿದರೆ ಅವರ ಕಿವಿಗೆ ಅದು ತಾಯಿ ಹೆಸರು ಹಿಡಿದು ಬೈದ ಹಾಗೆ ಕೇಳಿಸುತ್ತೆ.”

ನಾನು ನಕ್ಕು ನಕ್ಕು ಶುಂಠಿ ಚೀಲದಿಂದ ಕೆಳಗೆ ಜಾರಿದೆ. ಪುಟ್ಟಮಾದು ನಗಲಿಲ್ಲ. ಅಜ್ಜಿಯ ಹರಕೆಯ ಹೆಸರು ಅದು. ಅಷ್ಟು ದೂರದ ದೇಶದಲ್ಲಿ ಅದು ಬೈಗುಳವಾಗಿ ಬಿದ್ದಿದೆ ಅಂದರೆ ಯಾರಿಗಾದರೂ ಬೇಜಾರೇ.

ಒಂದೂವರೆ ವರ್ಷ ಕಳೆಯಿತು. ಇವತ್ತಿನ ಮಾತು, ನಿನ್ನೆಯ ಮಾತು, ನಾಳೆಯ ಮಾತು ಎಲ್ಲ ಮುಗಿಯಿತು. ನಂತರ ಬಂತು ‘ರಾ’ ಪಾಠ. ಅದು ಬಂದ ಮೇಲೆ ಈ ಮನುಷ್ಯ ಕೈಗೆ ಸಿಕ್ಕಲಿಲ್ಲ.

“ಅವರು ಮಾತಾಡಿದರು, ಹೇಳು,” ಅಂದ ವರ್ಗೀಸ್.

“ಆಬ್ಲಾರೊನ್.”

“ಕೊನೆಯ ರೊನ್ ಕಿತ್ತು ಹಾಕು.”

“ಆಬ್ಲಾ.”

“ರಾ ಸೇರಿಸು.”

“ಆಬ್ಲಾರಾ.”

“ಅಷ್ಟೇ. ಮಾತಾಡಿದರೆ ಅಂತ ಆಯಿತು. ಎಲ್ಲಾ ಸಾದಾ ಕ್ರಿಯಾಪದಕ್ಕೂ ಇದೇ ದಾರಿ. ‘ಅವರು ಹೀಗೆ ಮಾಡಿದರು’ ಅನ್ನುವ ರೂಪ ತೆಗೆದುಕೋ, ರೊನ್ ಬಿಡು, ರಾ ಹಾಕು.”

ಪುಟ್ಟಮಾದು ನೋಟ್‌ಬುಕ್ಕು ಮುಚ್ಚಿದ. ತುಟಿ ಅಲ್ಲಾಡುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದ.

“ಲಾ ಮಂಟೇಸ. ಅವ್ರು ಮಾತಾಡುದ್ರು. ರು ತಗದು ರ ಆಕು.”

“ಮಾತಾಡುದ್ರ.”

“ಅವ್ರು ಕೊಂಡ್ರು.”

“ಕೊಂಡ್ರ.”

“ಅವ್ರದೂ ಅದೇ ಕಣ್ಲಾ. ಕೊಂಪ್ರಾರೊನ್ ಅಂದ್ರ ಕೊಂಡ್ರು, ಕೊಂಪ್ರಾರಾ ಅಂದ್ರ ಕೊಂಡ್ರ. ಮಾರುದ್ರು, ಬೆಂದಿಯೇರೊನ್. ಮಾರುದ್ರ, ಬೆಂದಿಯೇರಾ. ಬದುಕುದ್ರು, ಬಿಬಿಯೇರೊನ್. ಬದುಕುದ್ರ, ಬಿಬಿಯೇರಾ. ಇದು ನಮ್ಮ ಸೀಮೆಯ ಮಾತ ಕದ್ಕೊಂಡೋಗವ್ರ.”

ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಮೈ ಜುಂ ಅಂದಿತು. ಬೆಂಗಳೂರಿನವರು ‘ಬಂದರೆ’ ಅನ್ನುತ್ತಾರೆ, ನಾವು ‘ಬಂದ್ರ’ ಅನ್ನುತ್ತೇವೆ. ಅದಕ್ಕಾಗಿ ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ಅಣಕಿಸಿದವರು ಎಷ್ಟು ಜನ. ಅಂಥ ‘ದ್ರ’ ಸ್ಪೇನಿನಲ್ಲಿ ಗ್ರಾಮರು ಪುಸ್ತಕ ಹತ್ತಿ ಕೂತಿದೆ.

ವರ್ಗೀಸ್ ಉಳಿದದ್ದನ್ನೂ ಹೇಳಿದ. ನಮ್ಮಲ್ಲಿ ನಾನು ಮಾತಾಡಿದರೂ, ನೀನು ಮಾತಾಡಿದರೂ ಒಂದೇ ‘ದ್ರ’. ಅವರಲ್ಲಿ ಬಾಲ ಬದಲಾಗುತ್ತದೆ. ನಾನು, ಅವನು ಅನ್ನುವಾಗ ರಾ. ನೀನು ಅಂದರೆ ರಾಸ್. ನಾವು ಅಂದರೆ ರಾಮೊಸ್, ಆಗ ಒತ್ತು ಅದರ ಹಿಂದಿನ ಅಕ್ಷರದ ಮೇಲೆ. ನೀವೆಲ್ಲ ಅಂದರೆ ರಾಯ್ಸ್. ಅವರು ಅಂದರೆ ರಾನ್. ಪುಟ್ಟಮಾದು ಇದನ್ನೆಲ್ಲ ಖಾಲಿ ಶುಂಠಿ ಚೀಲದ ಮೇಲೆ ಮಾರ್ಕರಿನಲ್ಲಿ ಬರೆದುಕೊಂಡು ಫ್ಯಾಕ್ಟರಿಯ ಶೆಡ್ಡಿನಲ್ಲಿ ನೇತುಹಾಕಿದ. ಬಿಹಾರದ ಹುಡುಗರು ಅದನ್ನು ಯಾವುದೋ ಮಂತ್ರ ಅಂದುಕೊಂಡು ಅಗರಬತ್ತಿ ಹಚ್ಚಿದರು.

“ಒಂದು ಮಾತು ಗಟ್ಟಿಯಾಗಿ ಹಿಡಿದುಕೋ,” ಅಂದಿದ್ದ ವರ್ಗೀಸ್. “ಈ ರಾ ನಡೆಯುವ ಮಾತಿಗಲ್ಲ. ನಾಳೆ ಮಳೆ ಬಂದರೆ ಹೂ ಕೀಳಲ್ಲ ಅಂತೀಯಲ್ಲ, ಅದಕ್ಕೆ ರಾ ಬೇಡ, ಸಾದಾ ಇವತ್ತಿನ ರೂಪ ಸಾಕು. ನನಗೆ ರೆಕ್ಕೆ ಇದ್ದಿದ್ದರೆ ಹಾರುತ್ತಿದ್ದೆ, ಅಂಥ ಮಾತಿಗೆ ರಾ. ಇಲ್ಲದ್ದಕ್ಕೆ, ಆಗದ್ದಕ್ಕೆ, ಹೇಳುವವನಿಗೇ ನಂಬಿಕೆ ಇಲ್ಲದ್ದಕ್ಕೆ.”

“ನಮ್ಮಲ್ಲಿ ಎಲ್ಲಕ್ಕೂ ದ್ರನೇ ಸಾಕು ಚೇಟಾ. ಮಳ ಬಂದ್ರನೂ ದ್ರ, ರೆಕ್ಕ ಇದ್ರನೂ ದ್ರ.”

“ನಿಮ್ಮಲ್ಲಿ. ಅವರಲ್ಲಿ ಇಲ್ಲ. ಇನ್ನೊಂದು ಕಡೆ ಬರುತ್ತೆ. ಒಬ್ಬರು, ಇನ್ನೊಬ್ಬರು ಹೀಗೆ ಮಾಡಲಿ ಅಂತ ಆಸೆಪಡುತ್ತಿದ್ದರು ಅನ್ನುವಾಗ. ಕೇರೀಯ ಕೆ, ಅದರ ಮುಂದೆ ರಾ. ಒಂದು ವಾಕ್ಯ ಮಾಡು ನೋಡೋಣ.”

ಪುಟ್ಟಮಾದು ಬಹಳ ಯೋಚಿಸಲಿಲ್ಲ. “ಮಿ ಮಾದ್ರೆ ಕೇರೀಯ ಕೆ ಯೊ ಎಸ್ತುದಿಯಾರಾ.” ಆಮೇಲೆ ನನಗೋಸ್ಕರ ಅಂದ, “ನಮ್ಮವ್ವ ನಾನು ಓದ್ಲಿ ಅಂತಿದ್ಲು.”

“ಓದಿದೆಯೋ ಇಲ್ಲವೋ, ಆ ವಾಕ್ಯ ಹೇಳಲ್ಲ,” ಅಂದ ವರ್ಗೀಸ್. “ಬಯಸಿದ್ದು ಮಾತ್ರ ಹೇಳುತ್ತೆ.”

“ಬಾಳ ಒಳ್ಳೇ ಬಾಸೆ,” ಅಂದೆ ನಾನು. “ಮಾನ ಉಳಿಸ್ತದೆ.”

ಈ ಮಾತು ಅವನ ತಲೆಗೆ ಹೋಯಿತು. ಅದಕ್ಕೂ ಮುಂಚಿನದು, ರಾ ಎಲ್ಲಿ ಹಾಕಬಾರದು ಅನ್ನುವುದು, ಹೋಗಲಿಲ್ಲ. ಕಲಿತದ್ದು ತನ್ನ ಮನೆಯ ಮಾತಿನ ಹಾಗೇ ಇದೆ ಅಂತ ಗೊತ್ತಾದ ಮೇಲೆ ಎಚ್ಚರಿಕೆ ಯಾರಿಗೆ ಬೇಕು. ಆಮೇಲಿನಿಂದ ಗಾಡಿಯವರಿಗೂ ಅದೇ ಭಾಷೆ. ಗಾಡಿ ಅಡ್ಡ ನಿಲ್ಲಿಸಿದರೆ ಸ್ಪ್ಯಾನಿಷಿನಲ್ಲಿ ಗದರುವುದು, ಗೇಟಿನ ದೊಡ್ಡಬೀರಯ್ಯನಿಗೆ ಟೀ ಬಂದ್ರ ಕರಿ ಅನ್ನುವುದನ್ನೂ ರಾ ಹಚ್ಚಿ ಹೇಳುವುದು. ದೊಡ್ಡಬೀರಯ್ಯ ಒಂದು ದಿನ ನನ್ನ ಹತ್ತಿರ ಬಂದು, “ಇವ್ನಿಗ ಏನೋ ಮೆಟ್ಕೊಂಡದ, ಒಂದ್ಸಲ ಬೆಟ್ಟಕ್ಕ ಕರ್ಕೊಂಡೋಗ್ಬುಡು ಕಣಪ್ಪ,” ಅಂದ.

ಸುದ್ದಿ ಮ್ಯಾನೇಜರ್ ರಾಜಶೇಖರ್ ಕಿವಿಗೂ ಬಿತ್ತು. ಮೈಸೂರಿನವರು. ಇಸ್ತ್ರಿ ಮುರಿಯದ ಅಂಗಿ, ಹೂ ಮುಟ್ಟದ ಕೈ. ಪ್ರತಿ ವರ್ಷ ಸ್ಪೇನಿನ ಕಂಪನಿಯಿಂದ ಒಬ್ಬಳು ಹೆಂಗಸು ಫ್ಯಾಕ್ಟರಿ ನೋಡಲು ಬರುತ್ತಾಳೆ, ಒಪ್ಪಿದರೆ ಮುಂದಿನ ವರ್ಷಕ್ಕೂ ಮಾಲು ಕೊಳ್ಳುತ್ತಾರೆ. ಅವಳ ಇಂಗ್ಲಿಷು ಅರ್ಧ, ಇವರ ಇಂಗ್ಲಿಷು ಮುಕ್ಕಾಲು. ಎರಡೂ ಸೇರಿ ಪ್ರತಿ ಸಲ ಜಗಳ. ಅವರದೇ ಭಾಷೆಯ ಆಳು ಅಂಗಳದಲ್ಲೇ ಇದ್ದಾನೆ, ಅದೂ ಪುಕ್ಕಟೆ, ಅಂದರೆ ಯಾವ ಮ್ಯಾನೇಜರಿಗೆ ಖುಷಿಯಾಗುವುದಿಲ್ಲ.

“ಪುಟ್ಟಮಾದು, ಈ ಸಲ ಮೇಡಮ್ಮಿನ ಜೊತೆ ನೀನೇ ಮಾತಾಡಬೇಕು ಕಣಯ್ಯ. ಅವರು ಒಪ್ಪಿದರೆ ನಿನ್ನ ಕಾಯಂ ಮಾಡ್ತೀನಿ.”

ಪುಟ್ಟಮಾದು ಆ ಸಂಜೆ ನನ್ನ ಟೆಂಪೊ ಹತ್ತಿರ ಬಂದು ಆ ವಾಕ್ಯವನ್ನು ಹತ್ತು ಸಲ ಹೇಳಿದ. ಒಪ್ಪಿದರೆ ಮಾಡ್ತೀನಿ.

“ಇದ ಸ್ಪೇನ್ ಬಾಸೇಲಿ ಯೋಳು ನೋಡನ,” ಅಂದೆ. “ನಡೆಯೋ ಮಾತೋ, ರೆಕ್ಕ ಬರೋ ಮಾತೋ?”

“ಸುಮ್ನಿರ್ಲಾ,” ಅಂದ.

ಜುಲೈನಲ್ಲಿ ಆಯಮ್ಮ ಬಂದಳು. ಹೆಸರು ನೂರಿಯಾ. ಅವಳು ಗೇಟಿನ ಒಳಗೆ ಕಾಲಿಡುವಷ್ಟರಲ್ಲಿ ನಮ್ಮ ಜನ ಅದನ್ನು ನೂರಮ್ಮ ಮಾಡಿಬಿಟ್ಟರು. ಐವತ್ತರ ಆಸುಪಾಸು, ಕಾಲಿಗೆ ಬೂಟು, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು. ರಾಜಶೇಖರ್ ಪುಟ್ಟಮಾದುವಿಗೆ ಹೊಸ ಅಂಗಿ ಕೊಡಿಸಿದ್ದರು. ಅವನ ಭುಜದ ಮೇಲೆ ಕೈ ಇಟ್ಟು, ಇಂಗ್ಲಿಷಿನಲ್ಲಿ, ಇವನು ನಮ್ಮ ಹೆಮ್ಮೆಯ ಪುಟ್ಟಮಾದು ಅಂತ ಗಟ್ಟಿಯಾಗಿ, ಪೂರ್ತಿ ಹೆಸರು ಹಿಡಿದು ಪರಿಚಯ ಮಾಡಿಸಿದರು.

ನೂರಮ್ಮ ಒಂದು ಹೆಜ್ಜೆ ಹಿಂದೆ ಹೋದಳು.

“ಮಾದು,” ಅಂದ ಪುಟ್ಟಮಾದು ಗಡಿಬಿಡಿಯಲ್ಲಿ. “ಸೊಯ್ ಮಾದು. ಸೋಲೊ ಮಾದು.” ನಾನು ಮಾದು, ಬರೀ ಮಾದು.

ಅವಳ ಭಾಷೆ ಅವನ ಬಾಯಲ್ಲಿ ಕೇಳಿದ ಮೇಲೆ ಅವಳ ಮುಖ ಅರಳಿತು. ಅಲ್ಲಿಂದ ಅವಳು ರಾಜಶೇಖರ್ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹೂವಿಳಿಸುವ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಡ್ರೈಯರ್ ಮುಂದೆ ನಿಂತು ಅವಳು ಏನೋ ಕೇಳಿದಳು. ಪುಟ್ಟಮಾದು ಎದೆ ಸೆಟೆಸಿ, ಪಾಠ ಒಪ್ಪಿಸುವವನ ಹಾಗೆ ಹೇಳಿದ.

“ಸಿ ಸೆಕಾರಮೊಸ್ ಬಿಯೆನ್ ಲಾಸ್ ಫ್ಲೋರೆಸ್, ಎಲ್ ಕೊಲೋರ್ ನೊ ಬಹಾರೀಯ.”

ಅವನ ಲೆಕ್ಕದಲ್ಲಿ ಅರ್ಥ ಸಲೀಸು: ಹೂವ ಚೆನ್ನಾಗಿ ಒಣಗಿಸಿದ್ರ ಬಣ್ಣ ಇಳಿಯಲ್ಲ.

ಅವಳು ಹುಬ್ಬೆತ್ತಿ ಅವನನ್ನು ನೋಡಿದಳು. ನೋಟ್‌ಬುಕ್ಕು ತೆಗೆದು ಬರೆದುಕೊಂಡಳು. ಮುಂದೆ ಟ್ಯಾಂಕುಗಳ ಹತ್ತಿರ ಹೋದರು. ಅಲ್ಲೂ ಒಂದು ರಾಮೊಸ್ ಬಿತ್ತು: ವಾರ ವಾರ ತೊಳೆದ್ರ ವಾಸನೆ ಬರಲ್ಲ. ಅವಳು ಬರೆದಳು. ಗಾಡಿಗಳ ಹತ್ತಿರ ಬಂದರು. ತಾಜಾ ಹೂ ಮಾತ್ರ ಕೊಂಡ್ರ ಮಾಲು ಚೆನ್ನಾಗಿ ಬರ್ತದೆ. ಮತ್ತೆ ಬರೆದಳು. ಒಂದೊಂದು ವಾಕ್ಯಕ್ಕೂ ರಾಜಶೇಖರ್ ಹಿಂದಿನಿಂದ ತಲೆಯಾಡಿಸಿ, “ಯೆಸ್ ಯೆಸ್, ಕರೆಕ್ಟ್, ಹಂಡ್ರೆಡ್ ಪರ್ಸೆಂಟ್,” ಅನ್ನುತ್ತಿದ್ದರು. ಹೊರಡುವಾಗ ನೂರಮ್ಮ ಪುಟ್ಟಮಾದುವಿನ ಕೈಯನ್ನು ಎರಡು ಕೈಯಲ್ಲೂ ಹಿಡಿದು ಕುಲುಕಿದಳು. ರಾಜಶೇಖರ್ ಅಂಗಳದ ಎಲ್ಲರಿಗೂ ಜಹಂಗೀರು ತರಿಸಿ ಹಂಚಿದರು. ನಾನೂ ತಿಂದೆ.

ಹನ್ನೆರಡು ದಿನಕ್ಕೆ ಮೇಲ್ ಬಂತು. ನಿಮ್ಮ ಅಂಗಳದ ಉಸ್ತುವಾರಿ ಶ್ರೀ ಮಾದು ಅವರು ಫ್ಯಾಕ್ಟರಿಯ ಮೂರು ಲೋಪಗಳನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ, ಅದನ್ನು ತಾವೂ ಸ್ಥಳದಲ್ಲೇ ದೃಢಪಡಿಸಿದ್ದೀರಿ. ಹೂ ಸರಿಯಾಗಿ ಒಣಗುತ್ತಿಲ್ಲ, ಟ್ಯಾಂಕು ತೊಳೆಯುತ್ತಿಲ್ಲ, ಹಳೇ ಹೂ ಕೊಳ್ಳುತ್ತಿದ್ದೀರಿ. ಇವು ಸರಿಯಾಗುವವರೆಗೆ ಮಾಲು ತೆಗೆದುಕೊಳ್ಳುವುದಿಲ್ಲ.

ರಾಜಶೇಖರ್ ಆಫೀಸಿನಿಂದ ಕೂಗಿದ್ದು ಗೇಟಿನ ಹೊರಗೆ ಟೀ ಕುಡಿಯುತ್ತಿದ್ದ ನನಗೆ ಕೇಳಿಸಿತು.

“ಏನು ಹೇಳಿದೆಯೋ ಅವಳಿಗೆ?”

“ಚೆನ್ನಾಗಿ ಒಣಗುಸ್ದ್ರ ಬಣ್ಣ ಇಳಿಯಲ್ಲ ಅಂದೆ ಸಾ.”

“ಅದರಲ್ಲಿ ತಪ್ಪೇನಿದೆ?”

“ಅದೇ ಸಾ, ನಂಗೂ ಗೊತ್ತಾಯ್ತಾ ಇಲ್ಲ.”

ಇಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಹಂಗಳದಲ್ಲಿ, ಆ ಭಾನುವಾರ. ಪುಟ್ಟಮಾದು ವಾಕ್ಯ ಹೇಳಿದ್ದೇ ತಡ, ವರ್ಗೀಸ್ ಕುಡಿಯುತ್ತಿದ್ದ ಹಾಲಿಲ್ಲದ ಕಟ್ಟಂಚಾಯ ಕೆಳಗಿಟ್ಟು ಹಣೆ ಹಿಡಿದುಕೊಂಡ.

“ಮೋನೇ, ನೀನು ಹೇಳಿದ್ದು ಏನು ಗೊತ್ತಾ? ‘ನಾವು ಹೂ ಸರಿಯಾಗಿ ಒಣಗಿಸುವವರಾಗಿದ್ದಿದ್ದರೆ ಬಣ್ಣ ಇಳಿಯುತ್ತಿರಲಿಲ್ಲ.’ ಅಂದರೆ ಒಣಗಿಸಲ್ಲ, ಬಣ್ಣ ಇಳಿಯುತ್ತೆ. ಮೂರಕ್ಕೆ ಮೂರೂ ಹಾಗೇ. ಸಾದಾ ರೂಪದಲ್ಲಿ ಹೇಳಬೇಕಿತ್ತು. ಸಿ ಸೆಕಾಮೊಸ್ ಬಿಯೆನ್, ಎಲ್ ಕೊಲೋರ್ ನೊ ಬಾಹ.”

“ಒಂದು ರಾ ಇಂದ ಇಷ್ಟೆಲ್ಲನಾ?”

“ಆ ರಾ ಹಾಕಿದರೆ ಒಣಗಿಸೋದೇ ಇಲ್ಲ ಅಂತ ಅರ್ಥ.”

ಆಗ ಪುಟ್ಟಮಾದುವಿನ ಬಾಯಿಂದ ಬಂದ ಮಾತು ಕೇಳಿ ನಾನು ಅವನನ್ನು ಹೊಡೆಯುವುದೋ ನಗುವುದೋ ತಿಳಿಯದೆ ಹೋದೆ.

“ಒಣಗ್ಸಲ್ವಲ್ಲ ಚೇಟಾ. ಇರವು ಎರಡು ಡ್ರೈಯರು. ಒಂದು ಕೆಟ್ಟು ಎರಡು ವರ್ಸ ಆಯ್ತು. ಟ್ಯಾಂಕ್ ತೊಳದು ಯಾವ ಕಾಲ ಆಯ್ತೋ.”

ಹದಿನಾಲ್ಕು ವರ್ಷ ಸುಳ್ಳಿಗೆ ಕಾವಲು ನಿಂತವನು, ಚೆಂದವಾಗಿ ಒಂದು ಸುಳ್ಳು ಹೇಳಲು ಹೋಗಿ, ಗ್ರಾಮರು ತಪ್ಪಿ ಸತ್ಯ ಹೇಳಿಬಂದಿದ್ದ. ನಮ್ಮ ತಾಲ್ಲೂಕಿನಲ್ಲಿ ಸತ್ಯ ಹೊರಬೀಳಬೇಕೆಂದರೆ ಇಷ್ಟು ಕಷ್ಟಪಡಬೇಕು, ಒಂದೂವರೆ ವರ್ಷ ಪರದೇಶದ ಭಾಷೆ ಕಲಿತು ಅದರಲ್ಲಿ ಫೇಲಾಗಬೇಕು.

ಸೋಮವಾರ ಅವನು ಎಲ್ಲವನ್ನೂ ರಾಜಶೇಖರ್ ಮುಂದೆ ಹೇಳಿದ. ಬೈಯುತ್ತಾರೆ ಅಂದುಕೊಂಡಿದ್ದ. ಅವರು ಬೈಯಲಿಲ್ಲ, ನಗುತ್ತಾ ಕುರ್ಚಿ ತೋರಿಸಿದರು. ಮ್ಯಾನೇಜರು ನಕ್ಕರೆ ಹೆದರಬೇಕು ಅನ್ನುವಷ್ಟು ಬುದ್ಧಿ ನನಗಿದೆ, ಅವನಿಗಿರಲಿಲ್ಲ.

“ವ್ಯಾಕರಣ ತಪ್ಪಾಯ್ತು ಅಷ್ಟೇ ತಾನೇ? ಬುಧವಾರ ವೀಡಿಯೊ ಕಾಲಿಗೆ ಬಾ ಅಂತೀನಿ ಅವಳನ್ನ. ರಾ ತೆಗೆದು ಸರಿಯಾಗಿ ಹೇಳು. ಡ್ರೈಯರು ಎರಡೂ ಓಡ್ತವೆ, ಹೂ ಚೆನ್ನಾಗಿ ಒಣಗುತ್ತೆ ಅನ್ನು. ಅವಳು ಫೋನ್ ಇಟ್ಟ ಮರುಗಳಿಗೆ ನಿನ್ನ ಕಾಯಂ ಆರ್ಡರು ಟೈಪ್ ಮಾಡಿಸ್ತೀನಿ. ಇಲ್ಲಾಂದ್ರೆ ಗುತ್ತಿಗೆದಾರನಿಗೆ ಬೇರೆ ಆಳು ಕಳಿಸು ಅಂತ ಹೇಳೋದು ನನಗೆ ಎರಡು ನಿಮಿಷದ ಕೆಲಸ.”

ಬುಧವಾರ ನಾನು ಚೀಟಿಗೆ ಸಹಿ ಹಾಕಿಸಲು ಆಫೀಸಿನಲ್ಲಿದ್ದೆ. ಹೊರಗೆ ಹೋಗು ಅನ್ನಲು ಯಾರಿಗೂ ನೆನಪಾಗಲಿಲ್ಲ. ಮೇಜಿನ ಮೇಲೆ ಫೋನು ಒರಗಿಸಿ ಇಟ್ಟಿದ್ದರು, ಅದರೊಳಗೆ ನೂರಮ್ಮ. ಪುಟ್ಟಮಾದು ಎದುರಿಗೆ ಕೂತ, ರಾಜಶೇಖರ್ ಅವನ ಬೆನ್ನಿಗೆ ನಿಂತರು. ಸರಿಯಾದ ವಾಕ್ಯ ಅವನಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಟೆಂಪೊದಲ್ಲಿ ಅದನ್ನೇ ಉರು ಹೊಡೆದಿದ್ದ. ಗ್ರಾಮರು ಸರಿ ಮಾಡಿದರೆ ಅದು ಸುಳ್ಳು. ಅದೇ ಸುಳ್ಳಿಗೆ ಕಾಯಂ ಕೆಲಸ.

ನೂರಮ್ಮ ಏನೋ ಕೇಳಿದಳು. ಅವನು ಫೋನಿನ ಕಡೆ ಬಗ್ಗಿದ.

“ಮಿ ಹೇಫೆ ಕೇರೀಯ ಕೆ ಯೊ ಆಬ್ಲಾರಾ ಬಿಯೆನ್ ದೆಲ್ ಸೆಕದೇರೊ.”

ರಾಜಶೇಖರ್ ತೃಪ್ತಿಯಿಂದ ತಲೆಯಾಡಿಸಿದರು. ನಾನು ಮಾತ್ರ ಕಿವಿ ನಿಮಿರಿಸಿದೆ. ‘ಕೇರೀಯ ಕೆ’ ನನ್ನ ಕಿವಿಗೂ ಬಿದ್ದ ಪಾಠ. ಅವ್ವ ಓದಲಿ ಅಂತಿದ್ದಳು ಅನ್ನುವ ಅದೇ ಕಟ್ಟು. ಅವ್ವನ ಜಾಗದಲ್ಲಿ ‘ಹೇಫೆ’ ಇತ್ತು, ಅಂದರೆ ಸಾಹೇಬರು. ಓದುವುದರ ಜಾಗದಲ್ಲಿ ಮಾತಾಡುವುದು. ಸಾಹೇಬರು ನಾನು ಡ್ರೈಯರ್ ಬಗ್ಗೆ ಒಳ್ಳೆಯ ಮಾತಾಡಲಿ ಅಂತಿದ್ದರು. ಬಯಸಿದ್ದನ್ನಷ್ಟೇ ಹೇಳಿದ್ದ.

ಫೋನಿನೊಳಗೆ ನೂರಮ್ಮ ಪೆನ್ನು ಕೆಳಗಿಟ್ಟಳು. ಆಮೇಲೆ ಎರಡೇ ಅಕ್ಷರ ಕೇಳಿದಳು. “ಇ ತೂ?” ನೀನೇನಂತೀಯ?

“ಉನೊ ಫುನ್ಸಿಯೋನ,” ಅಂದ ಪುಟ್ಟಮಾದು. “ಎಲ್ ಓತ್ರೊ, ನೊ.” ಒಂದು ಓಡುತ್ತದೆ, ಇನ್ನೊಂದು ಇಲ್ಲ.

ಇದಕ್ಕೂ ರಾಜಶೇಖರ್ “ಯೆಸ್ ಯೆಸ್” ಅಂದರು.

ಫೋನಿಟ್ಟ ಮೇಲೆ ಅವರು ಕೈ ಉಜ್ಜಿಕೊಂಡು, “ಏನಂದಳು?” ಅಂದರು.

“ಇವತ್ತೇ ಮೇಲ್ ಆಕ್ತರಂತೆ ಸಾ.”

ಮೇಲ್ ಸಂಜೆಗೇ ಬಂತು, ಇಂಗ್ಲಿಷಿನಲ್ಲಿ. ಒಂದೇ ಡ್ರೈಯರ್ ಓಡುತ್ತಿದೆ ಎಂದು ಶ್ರೀ ಮಾದು ತಿಳಿಸಿದ್ದಾರೆ. ಎರಡನೆಯದನ್ನು ಒಂದು ತಿಂಗಳಲ್ಲಿ ದುರಸ್ತಿ ಮಾಡಿಸಿ, ಟ್ಯಾಂಕು ತೊಳೆಸಿದರೆ ಮಾಲು ಕೊಳ್ಳಲು ಅಡ್ಡಿಯಿಲ್ಲ. ಆದರೆ ಇನ್ನು ಮುಂದೆ ಪ್ರತಿ ತಿಂಗಳೂ ಹೂವಿನ ಗುಣಮಟ್ಟದ ಪತ್ರ ಶ್ರೀ ಮಾದು ಅವರ ಕೈಯಿಂದ, ನಮ್ಮ ಭಾಷೆಯಲ್ಲಿ ಬರಬೇಕು. ಬೇರೆಯವರ ಸಹಿ ಒಪ್ಪುವುದಿಲ್ಲ.

ರಾಜಶೇಖರ್ ಬಾಯಿಗೆ ಆ ಹೊತ್ತು ಮೈಸೂರಿನ ಸಭ್ಯತೆ ಉಳಿಯಲಿಲ್ಲ. ಅವರು ಬೈದದ್ದನ್ನು ಬರೆದರೆ ಈ ಕಾಗದ ಹಾಳು. ತೆಗೆದು ಹಾಕುತ್ತೇನೆ ಅಂದರು. ತೆಗೆಯುವಂತಿರಲಿಲ್ಲ, ಮೇಲಿನಲ್ಲಿ ಅವನದೇ ಹೆಸರು. ಸರಿ, ಹಾಗೇ ಸಹಿ ಹಾಕಿಸೋಣ ಅಂದರೆ ಗುತ್ತಿಗೆ ಆಳು ಕಂಪನಿಯ ಪತ್ರಕ್ಕೆ ಸಹಿ ಹಾಕುವಂತಿಲ್ಲವಂತೆ, ಮೇಲಿನ ಆಫೀಸಿನವರು ಹೇಳಿದರು. ಎರಡು ವಾರ ಒದ್ದಾಡಿ, ಡ್ರೈಯರು ರಿಪೇರಿ ಮಾಡಿಸಿ, ಟ್ಯಾಂಕು ತೊಳೆಸಿ, ಕೊನೆಗೆ ಮುಖ ಹುಳ್ಳಗೆ ಮಾಡಿಕೊಂಡು ಆರ್ಡರು ಕೊಟ್ಟರು. ಪುಟ್ಟಮಾದು ಕಾಯಂ ಆದ. ಒಪ್ಪಿದರೆ ಮಾಡ್ತೀನಿ ಅಂದವರು, ಒಪ್ಪದಿದ್ದಾಗ ಮಾಡಿದರು. ಆ ಆರ್ಡರನ್ನು ಅವನು ಪುಣಜನೂರಿಗೆ ತೆಗೆದುಕೊಂಡು ಹೋಗಿ ಸುಂದ್ರಮ್ಮನ ಕೈಗೆ ಕೊಟ್ಟನಂತೆ. ಆಯಮ್ಮ ತಲೆಕೆಳಗಾಗಿ ಹಿಡಿದು ನೋಡಿ, “ಈಗಲಾರ ಪಾಸಾದ್ಯಾ?” ಅಂದಳಂತೆ.

ಕಾಯಂ ಆದ ಮನುಷ್ಯ ಮೆತ್ತಗಾಗುತ್ತಾನೆ ಅಂತ ನಾನು ತಿಳಿದಿದ್ದೆ. ಎಲ್ಲರೂ ಆಗುತ್ತಾರೆ, ಕುರ್ಚಿಯೇ ಹಾಗೆ. ಆದರೆ ಸ್ಪೇನಿಗೆ ತಿಂಗಳು ತಿಂಗಳೂ ಬರೆಯಬೇಕಾದ ಆ ಪತ್ರ ಅವನನ್ನು ಹಾಳು ಮಾಡಿತು. ಒಂದೇ ಸಾಲು ಅದರಲ್ಲಿ. ತಾಜಾ ಹೂ ಕೊಳ್ಳುತ್ತೇವೆ, ಚೆನ್ನಾಗಿ ಒಣಗಿಸುತ್ತೇವೆ. ಬರೀ ಸಾದಾ ಇವತ್ತಿನ ರೂಪ, ಒಂದು ರಾ ಇಲ್ಲ. ಅವಿತುಕೊಳ್ಳಲು ಜಾಗವಿಲ್ಲ ಅಂತ ಅವನೇ ನನಗೆ ಹೇಳಿದ.

ಸೆಪ್ಟೆಂಬರಿನಲ್ಲಿ ಮೊದಲ ಪತ್ರದ ದಿನ ನಾನು ಲೋಡು ತಂದೆ. ಹೂವಿನವರು ತೂಕ ಬರಲಿ ಅಂತ ಚೀಲಕ್ಕೆ ನೀರು ಚಿಮುಕಿಸುವುದು ಇವತ್ತಿನದಲ್ಲ. ನನಗೆ ಗೊತ್ತು, ಅವನಿಗೆ ಗೊತ್ತು, ತೂಕದ ಯಂತ್ರಕ್ಕೂ ಗೊತ್ತು. ಹದಿನಾಲ್ಕು ವರ್ಷ ಅವನು ಮೇಲೆ ಮೇಲೆ ಕೈ ಆಡಿಸಿ, ಹೋಗು ಅಂದವನು. ಅವತ್ತು ಚೀಲದೊಳಗೆ ಮೊಣಕೈವರೆಗೆ ಇಳಿಸಿದ. ತೆಗೆದಾಗ ನೀರು ತೊಟ್ಟಿಕ್ಕಿತು.

“ವಾಪಸ್ ತಗಂಡೋಗು.”

“ಇಬ್ಬನಿ ಕಣ್ಲಾ.”

“ಇಬ್ಬನಿ ಚೀಲದ ತಳಕ್ಕ ಇಳಿಯಲ್ಲ ಮಂಟೇಸ.”

ನನಗೆ ನೆತ್ತಿಗೇರಿತು. ಹಿಂದೆ ಏಳು ಗಾಡಿ ನಿಂತಿವೆ, ಎಲ್ಲರೂ ನೋಡುತ್ತಿದ್ದಾರೆ. “ಏನ್ಲಾ, ಕಾಯಂ ಆದ್ದಕ್ಕ ಕೊಂಬು ಬಂದ್ಬುಡ್ತಾ? ಬಾನುವಾರ ಬಾನುವಾರ ನಿನ್ನ ಗಾಡೀಲಿ ಕೂರುಸ್ಕೊಂಡು ಓಗಿಲ್ದೇ ಇದ್ದಿದ್ರ ಯಾವ ಸ್ಪೇನು, ಯಾವ ಸೈನು? ಇಲ್ಲೇ ಬಿಸಿಲಲ್ಲಿ ನಿಂತಿರ್ತಿದ್ದೆ.”

“ನಿಂತಿರ್ತಿದ್ದೆ,” ಅಂದ. “ಇಲ್ಲ ಅಂತ ಅಂದ್ನಾ?”

“ಮತ್ತ?”

“ಅದಕ್ಕೂ ಈ ಊವಿಗೂ ಸಂಬಂದ ಇಲ್ಲ. ಒಣಗುಸ್ಕೊಂಡು ಬಾ, ತಗತೀನಿ. ಸಂಜ ಗಂಟ ಇರ್ತೀನಿ.”

ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಪೂರ್ತಿ ಹೆಸರನ್ನು ಸ್ಪೇನಿನ ಅರ್ಥದಲ್ಲೂ ಕೂಗಿದೆ. ಅವನು ಮುಂದಿನ ಗಾಡಿಯ ಚೀಲ ಬಿಚ್ಚುತ್ತಿದ್ದ.

ತೆರಕಣಾಂಬಿ ದಾಟಿ ರಸ್ತೆ ಬದಿಯ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಟಾರ್ಪಾಲು ಹಾಸಿ, ಅಷ್ಟೂ ಚೀಲ ಸುರಿದು ಹರಡಿದೆ. ಓಣಂ ರಜೆಗೆ ಕೇರಳದ ಕಾರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಕಿತ್ತಳೆ ಬಣ್ಣದ ಹೂವಿನ ಹಾಸು ಕಂಡದ್ದೇ ಬ್ರೇಕು ಹಾಕಿದರು. ಗರಿಗರಿ ಸೀರೆ ಉಟ್ಟ ಹೆಂಗಸರು ಟಾರ್ಪಾಲಿನ ಅಂಚಿಗೆ ನಿಂತು ಫೋಟೊ ತೆಗೆದುಕೊಂಡರು. ಒಬ್ಬ ನನ್ನನ್ನೂ ನಡುವೆ ಕೂತು ನಗು ಅಂದ. ನಾನು ಅವನಿಗೆ ಹೇಳಿದ್ದು ಅವನಿಗೆ ಅರ್ಥವಾಗಲಿಲ್ಲ, ನಗುತ್ತಾ ಫೋಟೊ ತೆಗೆದ.

ನಾಲ್ಕೂವರೆಗೆ ತುಂಬಿಕೊಂಡು ವಾಪಸು ಹೋದೆ. ಪುಟ್ಟಮಾದು ಒಂದೊಂದು ಚೀಲಕ್ಕೂ ತೋಳು ಇಳಿಸಿ, ತಳದ ಹೂವನ್ನು ಹಿಡಿ ಹಿಡಿ ತೆಗೆದು ಹಿಸುಕಿ ನೋಡಿದ. ಇಪ್ಪತ್ತಮೂರು ಚೀಲ. ಒಂದನ್ನೂ ಬಿಡಲಿಲ್ಲ. ನಾನು ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಾ ಅವನ ಕಡೆ ನೋಡದೆ ನಿಂತಿದ್ದೆ. ಕೊನೆಯ ಚೀಲದ ಬಾಯಿ ಕಟ್ಟಿ, ಅಂಗೈ ಪ್ಯಾಂಟಿಗೆ ಒರೆಸಿಕೊಂಡು, “ತೂಕಕ್ಕ ಆಕು,” ಅಂದ, ಆಮೇಲೆ ಪತ್ರ ಬರೆಯಲು ಒಳಗೆ ಹೋದ.